ತಡಿಯಂಡಮೋಳ್ ಆರಿದ ಜ್ವಾಲಾಮುಖಿಯೇ?

ಪ್ರಶ್ನೆ: ಕಕ್ಕಬ್ಬೆ ಕಡೆಯಿಂದ ನೋಡಿದರೆ ತಡಿಯಂಡಮೋಳ್ ಶಂಕುವಿನ ಹಾಗೆ ಕಾಣುತ್ತದೆ. ನಮ್ಮ ತೋಟದಲ್ಲಿ ತೂತು ತೂತಾದ ಕೆಂಪು ಕಲ್ಲೂ ಸಿಕ್ಕಿದೆ. ಈ ಬೆಟ್ಟ ಹಿಂದೆ ಜ್ವಾಲಾಮುಖಿಯಾಗಿತ್ತೇ? ಕಲ್ಲು ನೋಡಿ ತಿಳಿಯುವುದು ಹೇಗೆ?

ಉತ್ತರ: ಅಲ್ಲ. ಬೆಟ್ಟದ ಆಕಾರವನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. 1,748 ಮೀಟರ್ ಎತ್ತರದ ಈ ಶಿಖರವನ್ನು ರೂಪಿಸಿದ್ದು ಸವಕಳಿ. ಕೊಡಗಿನ ಈ ಭಾಗದ ಮುಖ್ಯ ಶಿಲೆಗಳು ಚಾರ್ನೊಕೈಟ್ ಮತ್ತು ನೈಸ್ (ಎರಡೂ ನೆಲದಾಳದ ಶಾಖ, ಒತ್ತಡಗಳಲ್ಲಿ ರೂಪುಗೊಂಡ ಗಟ್ಟಿ ಶಿಲೆಗಳು). ಇವು 300 ಕೋಟಿ ವರ್ಷಗಳಷ್ಟು ಹಳೆಯವು. ಚಾರ್ನೊಕೈಟ್ ರೂಪುಗೊಳ್ಳಲು ಸುಮಾರು 20 ಕಿಲೋಮೀಟರ್ ಆಳದ ಒತ್ತಡ, 700 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕು. ಅದು ಇಂದು ನಿಮ್ಮ ಕಾಲಡಿಯಲ್ಲಿದೆ ಎಂದರೆ ಮೇಲಿದ್ದ ಅಷ್ಟೂ ದಪ್ಪದ ನೆಲ ಸವೆದುಹೋಗಿದೆ. ಆ ಕಾಲದಲ್ಲಿ ಮೇಲೆ ಜ್ವಾಲಾಮುಖಿ ಇದ್ದಿದ್ದರೂ ಅದರೊಂದಿಗೇ ಅಳಿದಿರುತ್ತಿತ್ತು.

ಜ್ವಾಲಾಮುಖಿ ಬೆಟ್ಟವಾಗಿ ಉಳಿಯುವ ಬಗೆ ಬೇರೆ. ಅದರ ಕೊಳವೆಯಲ್ಲಿ ಲಾವಾ ಹೆಪ್ಪುಗಟ್ಟಿ ಗಟ್ಟಿ ಬಿರಡೆಯಾಗುತ್ತದೆ. ಸುತ್ತಲಿನ ಬೂದಿ ಮತ್ತು ಮೆತ್ತನೆಯ ಶಿಲೆ ಕೊಚ್ಚಿಹೋದಾಗ ಬಿರಡೆ ಮಾತ್ರ ನಿಲ್ಲುತ್ತದೆ. ಕಛ್‌ನ ಧಿನೋಧರ್ ಬೆಟ್ಟ ಇಂಥದ್ದು. ಎಡಿನ್‌ಬರೋದ 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಸುಮಾರು 34 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಯ ಉಳಿಕೆ.

ಈಗ ನಿಮ್ಮ ಕೆಂಪು ಕಲ್ಲಿನ ವಿಚಾರ. ನೀವು ಹೇಳುವ ಲಕ್ಷಣ ನೋಡಿದರೆ ಅದು ಬಹುಪಾಲು ಜಂಬಿಟ್ಟಿಗೆ, ಅಂದರೆ ಮುರಕಲ್ಲು. ಬಹಳ ಜನ ಎಡವುವುದು ಇಲ್ಲಿಯೇ. ಮಳೆನೀರು ಶಿಲೆಯ ಕರಗುವ ಅಂಶಗಳನ್ನು ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸಿದಾಗ ಆ ತೂತುಗಳಾಗುತ್ತವೆ. ಪರೀಕ್ಷಿಸಲು ಕನ್ನಡಕ ಹಾಕಿಕೊಂಡು ಕಲ್ಲನ್ನು ಸುತ್ತಿಗೆಯಿಂದ ಒಡೆಯಿರಿ. ಹೊರಗಿನ ತುಕ್ಕಿನ ಬಣ್ಣ ನಂಬಬೇಡಿ, ಹವೆಗೆ ಸಿಕ್ಕಿದ ಬಸಾಲ್ಟ್ (ಲಾವಾ ತಣಿದು ಆಗುವ ಕಪ್ಪು ಶಿಲೆ) ಕೂಡ ಕೆಂಪಾಗುತ್ತದೆ. ಒಡೆದ ಮುಖವನ್ನು ಒದ್ದೆ ಮಾಡಿ 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಲಾವಾದಲ್ಲಿ ಅನಿಲ ಬಿಟ್ಟುಹೋದ ರಂಧ್ರಗಳು ದುಂಡಗೆ ಅಥವಾ ಬಾದಾಮಿಯಂತೆ ಉದ್ದಗಿರುತ್ತವೆ, ಒಳಗೋಡೆ ನುಣುಪು, ಕೆಲವೊಮ್ಮೆ ಬಿಳಿ ಖನಿಜ ತುಂಬಿರುತ್ತದೆ. ಜಂಬಿಟ್ಟಿಗೆಯ ತೂತುಗಳು ಅಂಕುಡೊಂಕು, ಒಂದಕ್ಕೊಂದು ಸೇರಿರುತ್ತವೆ, ಒಳಗೆ ಹಳದಿ ಜೇಡಿ ಮೆತ್ತಿರುತ್ತದೆ. ಹೊಳಪು ಲೇಪವಿಲ್ಲದ ಟೈಲ್ಸ್‌ನ ಹಿಂಬದಿಗೆ ಉಜ್ಜಿದರೆ ಅದು ತುಕ್ಕುಬಣ್ಣದ ಗೆರೆ ಬಿಡುತ್ತದೆ.

ಚಾರ್ನೊಕೈಟ್ ಇದ್ದರೆ ಹೊಸದಾಗಿ ಒಡೆದ ಮುಖ ಹಸಿರು ಛಾಯೆಯ ಕಪ್ಪುಬೂದು, ಎಣ್ಣೆ ಸವರಿದಂಥ ಹೊಳಪು. ಕಾಳುಗಳು ಬರಿಗಣ್ಣಿಗೇ ಕಾಣುತ್ತವೆ. ಬಸಾಲ್ಟ್‌ನಲ್ಲಿ ಅವು ಸಾಮಾನ್ಯವಾಗಿ ಕಾಣುವುದಿಲ್ಲ. ರಸ್ತೆ ಕಡಿದ ಕಡೆ ಬೇರೆ ಶಿಲೆಯನ್ನು ಸೀಳಿಕೊಂಡು ನೇರವಾಗಿ ಹೋಗುವ ಕಪ್ಪು ಪಟ್ಟಿ ಕಂಡರೆ ಅದು ಡೈಕ್ ಇರಬಹುದು. ಅದೂ ಶಿಲಾಪಾಕದಿಂದಲೇ, ಅಂದರೆ ನೆಲದಾಳದ ಕರಗಿದ ಕಲ್ಲಿನಿಂದಲೇ ಆದದ್ದು, ಆದರೆ ನೆಲದೊಳಗೇ ಬಿರುಕಿನಲ್ಲಿ ಗಟ್ಟಿಯಾದದ್ದು. ಅದೊಂದನ್ನೇ ಹಿಡಿದು ಜ್ವಾಲಾಮುಖಿ ಎನ್ನಲಾಗದು.

ಕೊಡಗಿನ 2018ರ ಭೂಕುಸಿತಕ್ಕೂ ಜ್ವಾಲಾಮುಖಿಗೂ ಸಂಬಂಧವಿಲ್ಲ. ಹವೆಗೆ ಕಳಿತ ದಪ್ಪ ಮಣ್ಣು ವಿಪರೀತ ಮಳೆಗೆ ನೆನೆದು, ಕಡಿದ ಇಳಿಜಾರುಗಳಲ್ಲಿ ಜಾರಿತು.

ಜ್ವಾಲಾಮುಖಿ ಶಿಲೆಯನ್ನೇ ನೋಡಬೇಕೆಂದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಲಾವಾ ತಣಿದು ಕುಗ್ಗಿದಾಗ ಸೀಳಿದ ಬಹುಭುಜ ಕಂಬಗಳು ಅಲ್ಲಿ ಸಾಲಾಗಿ ನಿಂತಿವೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ.