ಮಲೆನಾಡಿನಲ್ಲಿ ಚರ್ಚಿನ ಸ್ವಯಂಸೇವಕರ ದಿನ ಹೇಗೆ ಕಳೆಯುತ್ತದೆ?

ಪದವಿ ಮುಗಿದ ಮೇಲೆ ಒಂದು ವರ್ಷ ಚರ್ಚಿನ ಸೇವಾಕೇಂದ್ರದಲ್ಲಿ ಸ್ವಯಂಸೇವಕರಾಗಿ ಇರಬೇಕೆಂದಿದ್ದೀರಿ, ಬಡ ಹಳ್ಳಿಗಳಲ್ಲಿ ಇಂಥವರು ದಿನವಿಡೀ ಮಾಡುವುದೇನು ಎಂದು ಕೇಳಿದ್ದೀರಿ. ನಾನು ಶಿವಮೊಗ್ಗ ಜಿಲ್ಲೆಯ ಕ್ಯಾಥೊಲಿಕ್ ಗೃಹಸ್ಥ. ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಲವು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ದಿನದ ಬಹುಪಾಲು ಸಮಯ ಜನರ ಜೊತೆಗೆ ಹೋಗುವುದರಲ್ಲಿ ಕಳೆಯುತ್ತದೆ ಎಂಬುದು ನನ್ನ ನೇರ ಉತ್ತರ. ನಾಡಕಚೇರಿಗೆ, ಬ್ಯಾಂಕಿಗೆ, ಪಡಿತರ ಅಂಗಡಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವವರ ಜೊತೆ ಹೋಗುತ್ತೇವೆ, ಸರದಿಯಲ್ಲಿ ನಿಲ್ಲುತ್ತೇವೆ, ಅರ್ಜಿ ಓದಿ ಹೇಳುತ್ತೇವೆ, ಕತ್ತಲಾಗುವ ಮೊದಲು ಮನೆ ಮುಟ್ಟಿಸುತ್ತೇವೆ. ಜನರಿಗೆ ಸಲ್ಲಬೇಕಾದುದರಲ್ಲಿ ಹೆಚ್ಚಿನದು ಕಾನೂನಿನಲ್ಲಿ ಆಗಲೇ ಬರೆದಿದೆ. ಅದರ ಬಳಿಗೆ ಹೋಗಿ ಮುಟ್ಟುವುದೇ ಅವರಿಗೆ ಕಷ್ಟ.

ಬೆಳಿಗ್ಗೆ ಸಣ್ಣ ಪ್ರಾರ್ಥನೆ ಇರುತ್ತದೆ, ಗುರುಗಳಿದ್ದರೆ ಬಲಿಪೂಜೆ (ಮಾಸ್). ಅಕ್ಕಿ ರೊಟ್ಟಿಯೋ ಗಂಜಿಯೋ ಮುಗಿಸಿ ಮೊದಲ ಬಸ್ಸಿಗೆ ಹೊರಡುತ್ತೇವೆ. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ, 1988ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರದಿಂದ ಬೇರೆಯಾಗಿ ರೂಪುಗೊಂಡಿತು. ಶಿವಮೊಗ್ಗ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳು ಅದಕ್ಕೆ ಸೇರಿವೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮನೆತನಗಳು, ಭದ್ರಾವತಿಯ ಕಾರ್ಖಾನೆಗೂ ಶರಾವತಿಯ ಅಣೆಕಟ್ಟೆಗೂ ದುಡಿಯಲು ಬಂದ ತಮಿಳು ಮತ್ತು ಮಲಯಾಳಿ ಕುಟುಂಬಗಳು, ಹೀಗೆ ಇಲ್ಲಿನ ಕ್ರೈಸ್ತ ಸಮುದಾಯ ಚಿಕ್ಕದು, ಚದುರಿದ್ದು. ಆದ್ದರಿಂದ ನಾವು ದಿನವೂ ಹೋಗುವ ಮನೆಗಳಲ್ಲಿ ಹೆಚ್ಚಿನವು ಹಸಲರದ್ದು, ದೀವರದ್ದು, ಬೇರೆ ಬೇರೆ ಸಮುದಾಯಗಳ ಕೂಲಿ ಕುಟುಂಬಗಳದ್ದು.

ಹೊರಗಿನವರಿಗೆ ಅತ್ಯಂತ ಸಣ್ಣದೆನಿಸುವ, ನನಗೆ ಅತ್ಯಂತ ಮುಖ್ಯವೆನಿಸುವ ಕೆಲಸವೊಂದಿದೆ. ಮೆಟ್ಟುಕತ್ತಿಯ ಮುಂದೆ ಕುಳಿತು ವರ್ಷಗಟ್ಟಲೆ ಹಸಿ ಅಡಿಕೆ ಸುಲಿದ ಹೆಂಗಸರ ಬೆರಳುಗಳಲ್ಲಿ ಗೆರೆಗಳು ಸವೆದಿರುತ್ತವೆ, ಚೊಗರಿನ, ಅಂದರೆ ಅಡಿಕೆ ರಸದ, ಕಲೆ ಚರ್ಮಕ್ಕೆ ಇಳಿದಿರುತ್ತದೆ. ಪಡಿತರ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಪಿಂಚಣಿಯ ಪರಿಶೀಲನೆಯೂ ಅಲ್ಲೇ ನಿಲ್ಲುತ್ತದೆ. ಒಟಿಪಿ ತರಿಸೋಣವೆಂದರೆ ಮೊಬೈಲ್ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ, ಅಂಗಡಿ ಇರುವುದು ತಗ್ಗಿನಲ್ಲಿ. ಅಂಥವರನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚನ್ನು ಹೊಸದಾಗಿ ಕೊಡಿಸುವುದು, ಕಣ್ಣಿನ ಗುರುತು ದಾಖಲಾಗಿದೆಯೇ ಎಂದು ನೋಡುವುದು, ಹೆಬ್ಬೆಟ್ಟು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಅಕ್ಕಿ ನಿರಾಕರಿಸುವಂತಿಲ್ಲ ಎಂದು ಅಂಗಡಿಯವರಿಗೆ ಸಮಾಧಾನದಿಂದ ತಿಳಿಸುವುದು, ಇಷ್ಟಕ್ಕೇ ಒಂದು ಇಡೀ ದಿನ ಹೋಗುತ್ತದೆ. ಕೂಲಿಯವರಿಗೆ ಒಂದು ದಿನವೆಂದರೆ ಒಂದು ದಿನದ ಕೂಲಿ. ಎರಡು ಸಲ ಬರಿಗೈಯಲ್ಲಿ ಹಿಂದಿರುಗಿದವರು ಮೂರನೆಯ ಸಲ ಹೋಗುವುದಿಲ್ಲ. ಆ ಮೂರನೆಯ ಸಲ ಜೊತೆಗೆ ಯಾರಾದರೂ ಇರಬೇಕು.

ಜಮೀನಿನ ಕಾಗದಗಳ ಕೆಲಸ ಇನ್ನೂ ನಿಧಾನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಶರಾವತಿ ಕಣಿವೆಯಿಂದ ಎದ್ದು ಬಂದ ಕುಟುಂಬಗಳಲ್ಲಿ ಹಲವರಿಗೆ ತಾವು ಉಳುತ್ತಿರುವ ನೆಲದ ಹಕ್ಕುಪತ್ರ ಇಂದಿಗೂ ಸಿಕ್ಕಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಆಧಾರ ತೋರಿಸಬೇಕು. ನೀರಿನಡಿಗೆ ಹೋದ ಊರಿನವರು ಯಾವ ಕಾಗದ ತಂದಾರು? ಆದರೆ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಲ್ಲಿಸಬಹುದು, ಹಳೆಯ ಬಾವಿ, ಸಮಾಧಿ ಮತ್ತು ದೇವರ ಬನಗಳನ್ನು ಆಧಾರವಾಗಿ ತೋರಿಸಬಹುದು ಎಂದು ಅದರ ನಿಯಮಗಳೇ ಹೇಳುತ್ತವೆ. ಹಾಗಾಗಿ ಸಂಜೆಗಳಲ್ಲಿ ನಾವು ಜಗಲಿಯ ಮೇಲೆ ಕುಳಿತು ವೃದ್ಧರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇವೆ, ಓದಿ ಕೇಳಿಸಿ ಸಹಿ ಪಡೆಯುತ್ತೇವೆ, ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ಕೇಳುತ್ತೇವೆ. ಸ್ವೀಕೃತಿಯಿಲ್ಲದೆ ಅರ್ಜಿ ಕೊಡಬಾರದೆಂಬುದನ್ನು ಹೊಸಬರಿಗೆ ಮೊದಲ ವಾರದಲ್ಲೇ ಕಲಿಸುತ್ತೇವೆ.

ಡಿಸೆಂಬರ್ ಬಂತೆಂದರೆ ದಿನಚರಿಯ ಸ್ವರೂಪವೇ ಬೇರೆಯಾಗುತ್ತದೆ, ಏಕೆಂದರೆ ಅಲ್ಲಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ವೈರಸ್ ಉಣುಗುಗಳ ಕಡಿತದಿಂದ ಮನುಷ್ಯರಿಗೆ ಬರುತ್ತದೆ. ತೋಟಕ್ಕೂ ಕೊಟ್ಟಿಗೆಗೂ ದರಗು (ಒಣಗಿದ ಎಲೆ) ಗುಡಿಸಿ ತರಲು ಕಾಡಿಗೆ ಹೋಗುವ ಕಾಲ ಮತ್ತು ಎಳೆಯ ಉಣುಗುಗಳು ಹೆಚ್ಚುವ ಕಾಲ ಎರಡೂ ಒಂದೇ ಆಗಿರುವುದು ದೊಡ್ಡ ಕಷ್ಟ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಸಾವುಗಳಾದಾಗ ಇಡೀ ಸೀಮೆಯೇ ನಡುಗಿತ್ತು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಈಗ ನಿಲ್ಲಿಸಲಾಗಿದೆ, ಈ ರೋಗಕ್ಕೆಂದೇ ಇರುವ ಔಷಧವೂ ಇಲ್ಲ. ಉಳಿದಿರುವುದು ಎಚ್ಚರಿಕೆ ಮತ್ತು ಬೇಗ ಆಸ್ಪತ್ರೆ ಸೇರುವುದು. ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆಗೆ ಹೋಗಿ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯ ಬಾಟಲಿ ತಲುಪಿಸುತ್ತೇವೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ ಎಂದು ಹೇಳುತ್ತೇವೆ. ಎಣ್ಣೆ ಜಿಡ್ಡು, ಸೆಕೆಯಲ್ಲಿ ಹಿಂಸೆ ಎಂದು ಅನೇಕರು ಅದನ್ನು ಗೂಡಿನಲ್ಲೇ ಇಟ್ಟುಬಿಡುತ್ತಾರೆ, ಆದ್ದರಿಂದ ಮರುವಾರ ಮತ್ತೆ ಹೋಗಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ತಟ್ಟನೆ ಜ್ವರ, ತಲೆಸಿಡಿತ, ಸೊಂಟ ಮತ್ತು ಮಾಂಸಖಂಡಗಳ ನೋವು ಬಂದವರನ್ನು, ಮಾತ್ರೆ ನುಂಗಿ ಎರಡು ದಿನ ನೋಡೋಣ ಎನ್ನಲು ಬಿಡದೆ ಅಂದೇ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು. ನಾವು ವೈದ್ಯರಲ್ಲ, ಔಷಧ ಕೊಡುವುದಿಲ್ಲ. ಸರ್ಕಾರಿ ವ್ಯವಸ್ಥೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಆಸ್ಪತ್ರೆ ನಡೆಸುವುದಕ್ಕಿಂತ, ಇರುವ ಆರೋಗ್ಯ ಕೇಂದ್ರಕ್ಕೆ ಜನ ಹೊತ್ತಿಗೆ ತಲುಪುವಂತೆ ನೋಡಿಕೊಳ್ಳುವುದು ಹೆಚ್ಚು ಜೀವ ಉಳಿಸುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ.

ಮಳೆಗಾಲದಲ್ಲಿ ತಿರುಗಾಟ ಕಡಿಮೆ, ಕಾಯುವಿಕೆ ಹೆಚ್ಚು. ಹಳ್ಳ ತುಂಬಿದರೆ ಕಾಲುಸಂಕ (ನಡೆದು ದಾಟುವ ಪುಟ್ಟ ಸೇತುವೆ) ದಾಟಲಾಗುವುದಿಲ್ಲ, ವಿದ್ಯುತ್ ದಿನಗಟ್ಟಲೆ ಇರುವುದಿಲ್ಲ. ಆಗ ಹತ್ತಿರದ ಮನೆಗಳ ಮಕ್ಕಳಿಗೆ ಪಾಠ ಹೇಳುತ್ತೇವೆ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರಿಗೆ ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಬಹುದೂರದ ಬಳಸುದಾರಿಯೊಂದೇ ಗತಿಯಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಭಯ ತಗ್ಗಿದೆ. ನಮ್ಮಂಥವರು ಎಷ್ಟು ಓಡಾಡಿದರೂ ಆಗದಿದ್ದದ್ದು ಒಂದು ಸೇತುವೆಯಿಂದ ಆಯಿತು, ಇದನ್ನು ಸಂತೋಷದಿಂದಲೇ ಹೇಳುತ್ತೇನೆ.

ಮತಾಂತರದ ಪ್ರಶ್ನೆ ನಿಮ್ಮ ಮನಸ್ಸಿನಲ್ಲೂ ಇರಬಹುದು, ಮನೆಯವರಂತೂ ಕೇಳಿಯೇ ಕೇಳುತ್ತಾರೆ. ಆಮಿಷವೊಡ್ಡಿ ಯಾರನ್ನೂ ವಿಶ್ವಾಸಕ್ಕೆ ಸೆಳೆಯಬಾರದೆಂದು ಕ್ಯಾಥೊಲಿಕ್ ಬಿಷಪ್ಪರ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸ್ಪಷ್ಟವಾಗಿ ನಿಷೇಧಿಸಿದೆ. ನಾವು ಅದನ್ನು ಕಾಗದದ ಮಾತಾಗಿ ನೋಡುವುದಿಲ್ಲ. ಅರ್ಜಿ ಬರೆಯಲು ಹೋದ ಮನೆಯಲ್ಲಿ ಧರ್ಮದ ಮಾತೆತ್ತುವುದಿಲ್ಲ, ಕರಪತ್ರ ಹಂಚುವುದಿಲ್ಲ, ರೋಗಿಯ ಮಂಚದ ಬಳಿ ಅವರಾಗಿ ಕೇಳದೆ ಪ್ರಾರ್ಥಿಸುವುದಿಲ್ಲ. ಕಷ್ಟದಲ್ಲಿರುವವರ ಮುಂದೆ ಉಪಕಾರ ಮಾಡಿದವರ ಮಾತಿಗೆ ಒಂದು ಭಾರವಿರುತ್ತದೆ. ಆ ಭಾರವನ್ನು ಅವರ ಮೇಲೆ ಹೊರಿಸುವುದು ತಪ್ಪು. ಕ್ರಿಸ್ತನ ಮೇಲಿನ ಪ್ರೀತಿಯಿಂದಲೇ ನಾನು ಈ ಕೆಲಸಕ್ಕೆ ಬಂದೆ, ಯಾರಾದರೂ ಕೇಳಿದರೆ ಮುಚ್ಚಿಡದೆ ಹೇಳುತ್ತೇನೆ.

ಹಣದ ವಿಷಯ: ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ, ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಸಣ್ಣ ಕೇಂದ್ರಗಳು ಈಗ ಊರಿನವರ ಕಾಣಿಕೆಯಿಂದ ನಡೆಯುತ್ತವೆ, ಆದ್ದರಿಂದ ಸಂಬಳವನ್ನು ನಿರೀಕ್ಷಿಸಬೇಡಿ. ಊಟ, ವಸತಿ ಮತ್ತು ಬಸ್ ಖರ್ಚು ಸಿಕ್ಕರೆ ಸಾಕೆಂದುಕೊಳ್ಳಿ.

ಬರುವ ಮನಸ್ಸಿದ್ದರೆ ನಿಮ್ಮ ಧರ್ಮಕೇಂದ್ರದ (ಸ್ಥಳೀಯ ಚರ್ಚಿನ) ಗುರುಗಳ ಮೂಲಕ ಪತ್ರ ಬರೆಸಿ, ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಒಪ್ಪಿಕೊಳ್ಳಬೇಡಿ. ಎರಡು ವಾರಕ್ಕೆಂದು ಬಂದು ಗೋಡೆಗೆ ಬಣ್ಣ ಬಳಿದು ಫೋಟೊ ತೆಗೆಸಿಕೊಂಡು ಹೋಗುವವರಿಂದ ಇಲ್ಲಿ ಯಾರಿಗೂ ಪ್ರಯೋಜನವಾಗಿಲ್ಲ, ಏಕೆಂದರೆ ಅವರನ್ನು ನಂಬಿ ಪೆಟ್ಟಿಗೆಯ ಕಾಗದ ಹೊರತೆಗೆಯಲು ಜನರಿಗೆ ಅದಕ್ಕಿಂತ ಹೆಚ್ಚು ಸಮಯ ಬೇಕು. ದ್ವಿಚಕ್ರ ವಾಹನದ ಪರವಾನಗಿ ಮಾಡಿಸಿಕೊಂಡಿರಿ, ಕನ್ನಡದಲ್ಲಿ ಸ್ಫುಟವಾಗಿ ಅರ್ಜಿ ಬರೆಯುವುದನ್ನು ಅಭ್ಯಾಸ ಮಾಡಿ. ಸಾಧ್ಯವಾದರೆ ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ ಬನ್ನಿ. ಆಗ ಅಡಿಕೆ ಕೊಯ್ಲು ಶುರುವಾಗುವುದರಿಂದ ರಾತ್ರಿ ಸುಲಿಯಲು ಕುಳಿತವರೆಲ್ಲ ಒಂದೇ ಕಡೆ ಸಿಗುತ್ತಾರೆ, ಪರಿಚಯವಾಗುತ್ತದೆ, ಮುಂದಿನ ಜೂನ್ ಹೊತ್ತಿಗೆ ಯಾರ ಮನೆ ಯಾವ ಹಳ್ಳದಾಚೆ ಇದೆ ಎಂಬುದು ನಿಮಗೆ ತಿಳಿದಿರುತ್ತದೆ.