ಅತ್ತೆಗೆ ಮಾತಾಡುವ ರೋಬೋಟ್ ತರಿಸಬಹುದಾ?

ಪ್ರಶ್ನೆ: ಅತ್ತೆಗೆ ಎಂಬತ್ತರ ಹತ್ತಿರ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಅಂತ ಮಂಗಳೂರಿನ ಡಾಕ್ಟರು ಹೇಳಿದ್ದಾರೆ. ಮಾವ ತೀರಿಕೊಂಡು ವರ್ಷಗಳೇ ಆದವು, ಆದರೂ "ಅವರು ಬಂದರಾ?" ಅಂತ ದಿನವಿಡೀ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ದುಬೈಯಲ್ಲಿರುವ ಮೈದುನ ಮಾತಾಡುವ ರೋಬೋಟ್ ಕಳಿಸುತ್ತೇನೆ ಅನ್ನುತ್ತಾನೆ. ತರಿಸಲಾ?
– ಓದುಗರು, ಬದಿಯಡ್ಕ (ಕಾಸರಗೋಡು, ಕೇರಳ)

ಉತ್ತರ: ಮೊದಲು ಮೈದುನನನ್ನು ಒಂದು ಮಾತು ಕೇಳಿ, ಅದು ಯಾವ ಭಾಷೆ ಆಡುತ್ತದೆ? ನಮ್ಮ ಕಡೆ ಮನೆಯೊಳಗೆ ಹವ್ಯಕ ಕನ್ನಡ, ತೋಟದ ಕೆಲಸದವರ ಹತ್ತಿರ ತುಳು, ಪಂಚಾಯತ್ ಆಫೀಸಿನಲ್ಲಿ ಮಲಯಾಳ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಎಷ್ಟೋ ಜನರಿಗೆ ಮೊದಲು ಜಾರುತ್ತದೆ, ಬಾಲ್ಯದ್ದು ಉಳಿಯುತ್ತದೆ. ಅಮೆರಿಕದಲ್ಲಿ ಎಲಿಕ್ಯೂ ಅನ್ನುವ ಮೇಜಿನ ಮೇಲಿಡುವ ರೋಬೋಟ್ ಇದೆ. 2022ರಲ್ಲಿ ನ್ಯೂಯಾರ್ಕ್ ರಾಜ್ಯ ಅದನ್ನು 800ಕ್ಕೂ ಹೆಚ್ಚು ಹಿರಿಯರಿಗೆ ಕೊಡುವುದಾಗಿ ಹೇಳಿತು. ಒಂಟಿಯಾಗಿರುವವರಿಗೆ ಒಳ್ಳೆಯದೇ, ಆದರೆ ಅದರ ಇಂಗ್ಲಿಷ್ ಕಟ್ಟಿಕೊಂಡು ನಿಮ್ಮ ಅತ್ತೆ ಏನು ಮಾಡುವುದು? ತಮಾಷೆ ನೋಡಿ, ಡಿಮೆನ್ಶಿಯಾ ಇರುವವರ ಮಧ್ಯೆ ಹೆಚ್ಚು ಹೆಸರಾದ ಜಪಾನಿನ ಪಾರೋ ಮಾತೇ ಆಡುವುದಿಲ್ಲ. ಅದು ಸೀಲ್ ಮರಿಯ ಬೊಂಬೆ. ಸವರಿದರೆ ಮಿಸುಕುತ್ತದೆ, ಸಣ್ಣಗೆ ಕೂಗುತ್ತದೆ, ಅಷ್ಟೇ. ಬೆಲೆ ಮಾತ್ರ ಲಕ್ಷಗಳಲ್ಲಿ.

ಭಾಷೆಗಿಂತ ನನಗೆ ಜಾಸ್ತಿ ಹೆದರಿಕೆ ಇರುವುದು ಆ ಪ್ರಶ್ನೆಯದ್ದು. "ಅವರು ಬಂದರಾ?" ಅಂದಾಗ ಯಂತ್ರ ನಿಜ ಹೇಳಿತು ಅಂತಿಟ್ಟುಕೊಳ್ಳಿ. ಅತ್ತೆಗೆ ಅದು ಪ್ರತಿ ಸಲವೂ ಹೊಸ ಸುದ್ದಿ, ಸಾವಿನ ಸುದ್ದಿ, ಬೆಳಗ್ಗೆ ಒಮ್ಮೆ ಅತ್ತವರು ಮಧ್ಯಾಹ್ನ ಮತ್ತೆ ಮೊದಲಿಂದ ಅಳಬೇಕು. "ಈಗ ಬರುತ್ತಾರೆ" ಅಂದರೆ ಗೇಟಿನ ಹತ್ತಿರ ಹೋಗಿ ಕಾಯುತ್ತಾರೆ. ನೀವಾದರೆ ಮುಖ ನೋಡಿ ಮಾತು ತಿರುಗಿಸಬಹುದು: "ಮಾವನ ನೆನಪಾಯ್ತಾ? ಪೇಟೆಯಿಂದ ಬರುವಾಗ ನಿಮಗೆ ಏನು ತರುತ್ತಿದ್ದರು?" ಹಳೆಯದು ಅವರಿಗೆ ಇನ್ನೂ ನೆನಪಿರುತ್ತದೆ, ಅಲ್ವಾ? ಹೇಳಲಿ ಬಿಡಿ. ತಿದ್ದಲು ಹೋಗಬೇಡಿ.

ಊಟ, ಮಾತ್ರೆ, ಸ್ನಾನ ನೆನಪಿಸುವುದಕ್ಕೆ ಯಂತ್ರ ಆದೀತು. ಅದಕ್ಕೆ ದುಬೈಯಿಂದ ಏನೂ ಬರಬೇಕಾಗಿಲ್ಲ. "ಅತ್ತೆ, ಊಟದ ಹೊತ್ತಾಯ್ತು" ಅಂತ ಮನೆಮಾತಿನಲ್ಲೇ ನಿಮ್ಮ ದನಿ ರೆಕಾರ್ಡ್ ಮಾಡಿ ಹಳೆ ಫೋನಿನ ಅಲಾರಂಗೆ ಹಾಕಿ. ಮೊದಲ ಕೆಲವು ದಿನ ಹಗಲಲ್ಲಿ, ನೀವು ಪಕ್ಕದಲ್ಲಿದ್ದಾಗಲೇ ನೋಡಿ. ಕಾಣದ ದನಿಯನ್ನು ಅವರು ಹುಡುಕಲು ಎದ್ದರೆ, ಬೆದರಿದರೆ, ತೆಗೆದುಬಿಡಿ. ಮುಸ್ಸಂಜೆಗೆ ಇಂಥವರಿಗೆ ಗಲಿಬಿಲಿ ಜಾಸ್ತಿ, ಆ ಹೊತ್ತಿಗೆ ಬೇಡವೇ ಬೇಡ. ಇನ್ನೊಂದು, ಮಾತ್ರೆ ನುಂಗಿದರೋ ಸೆರಗಿನ ಗಂಟಿಗೆ ಸೇರಿತೋ ಫೋನಿಗೆ ಗೊತ್ತಾಗುವುದಿಲ್ಲ. ಅದನ್ನು ನೀವೇ ಕೊಡಬೇಕು.

ಪ್ರಶ್ನೆ: ಇದನ್ನೆಲ್ಲ ಇಟ್ಟು ಒಂದು ಗಂಟೆ ಹೊರಗೆ ಹೋಗಿ ಬರಬಹುದಾ?
– ಅವರೇ

ಉತ್ತರ: ಇಲ್ಲ. ಒಲೆ, ಬಾವಿ, ರಸ್ತೆ ಎಲ್ಲ ಇವೆ. ಆದರೆ ನೀವು ಹೊರಗೆ ಹೋಗಲೇಬೇಕು, ಸುಮ್ನೆ ಹೇಳುತ್ತಿಲ್ಲ. ಮೈದುನನಿಗೆ ರೋಬೋಟಿನ ದುಡ್ಡನ್ನೇ ಕಳಿಸಲು ಹೇಳಿ, ವಾರಕ್ಕೆರಡು ಮಧ್ಯಾಹ್ನ ಅತ್ತೆಯ ಭಾಷೆ ಬಲ್ಲ ಒಬ್ಬರನ್ನು ಗೊತ್ತು ಮಾಡಿ. ಕೇರಳದಲ್ಲಿ ಪಂಚಾಯತ್ ಮೂಲಕ ಪಾಲಿಯೇಟಿವ್ ನರ್ಸ್ (ದೀರ್ಘ ಕಾಯಿಲೆಯವರ ಆರೈಕೆ ಮಾಡುವವರು) ಮನೆಗೇ ಬರುವ ವ್ಯವಸ್ಥೆ ಇದೆ, ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಹಿರಿಯರ ಸಹಾಯವಾಣಿ 14567.