ಅಕ್ಕನ ಮಗಳು, ರಕ್ತದ ಗುಂಪು

ಪ್ರಶ್ನೆ: ಮಗಳನ್ನು ನನ್ನ ತಮ್ಮನಿಗೇ ಕೊಡುವ ಮಾತು ನಡೆದಿದೆ. ನೆಂಟರಲ್ಲಿ ಇಬ್ಬರು ಹುಟ್ಟುಕಿವುಡರು. ರಕ್ತದ ಗುಂಪು ಬೇರೆಯಾದರೆ ತೊಂದರೆಯಿಲ್ಲ ಅನ್ನುತ್ತಾರೆ, ನಿಜವೇ?
– ಓದುಗರು, ಮದ್ದೂರು

ಉತ್ತರ: ಇಲ್ಲ. ರಕ್ತದ ಗುಂಪಿಗೂ ಇದಕ್ಕೂ ಸಂಬಂಧವಿಲ್ಲ. ಈ ನಂಬಿಕೆ ಮಾತ್ರ ಹೋಗುತ್ತಲೇ ಇಲ್ಲ. ಸೋದರಮಾವ ಮತ್ತು ಸೊಸೆಯ ನಡುವೆ ಸರಾಸರಿ ಕಾಲು ಭಾಗ ಜೀನ್‌ಗಳು ಒಂದೇ. ಒಂದೇ ದೋಷ ಇಬ್ಬರಲ್ಲೂ ಅಡಗಿದ್ದರೆ ಪ್ರತಿ ಬಸಿರಿನಲ್ಲೂ 4ರಲ್ಲಿ 1 ಪಾಲು ಅಪಾಯ. ಮೊದಲ ಮಗು ಚೆನ್ನಾಗಿದ್ದರೂ ಎರಡನೆಯದಕ್ಕೆ ಲೆಕ್ಕ ಬದಲಾಗದು.

ಮೊದಲು ಮೂರು ತಲೆಮಾರಿನ ವಂಶವೃಕ್ಷ ಬರೆದು, ಯಾರು ಯಾರಿಗೆ ಸೋದರಿಕೆ ಎಂದು ಗುರುತು ಹಾಕಿ. ರಕ್ತ ಪರೀಕ್ಷೆಯನ್ನು ಹುಡುಗ ಹುಡುಗಿಯಿಂದ ಶುರುಮಾಡಬೇಡಿ. ಕಿವುಡರಾದ ನೆಂಟರಲ್ಲಿ ಯಾವ ಜೀನ್ ಕೆಟ್ಟಿದೆಯೆಂದು ಗೊತ್ತಾದ ಮೇಲೆ ಅದನ್ನೇ ಇವರಲ್ಲಿ ಹುಡುಕಬೇಕು. ಇಲ್ಲದಿದ್ದರೆ 'ದೋಷವಿಲ್ಲ' ಎಂಬ ವರದಿಯನ್ನು ನಂಬುವಂತಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮೊದಲು ವಿಚಾರಿಸಿ.

1955ರ ಹಿಂದೂ ವಿವಾಹ ಕಾಯ್ದೆ ಈ ಸಂಬಂಧವನ್ನು ನಿಷೇಧಿಸುತ್ತದೆ, ಆದರೆ ರೂಢಿಯಿದ್ದಲ್ಲಿ ಬಿಟ್ಟಿದೆ. ಹೊಲ, ಒಡವೆ ಮನೆಯಲ್ಲೇ ಉಳಿಯಲಿ ಎಂಬುದು ಈ ರೂಢಿಗೆ ಹಳೆಯ ಕಾರಣ. ಹಂಚಿ ಹಂಚಿ ಹತ್ತು ಗುಂಟೆಗೆ ಇಳಿದ ಗದ್ದೆಗೆ ಅದನ್ನು ಹೇಳುವುದು ಕಷ್ಟ. ಅಂದಹಾಗೆ, ಮಗಳ ಒಪ್ಪಿಗೆ ಕೇಳಿದಿರಾ? ಪತ್ರದಲ್ಲಿ ಅದೊಂದು ಮಾತಿಲ್ಲ.